ಚಾಲಕನಿಲ್ಲದ ಕಾರು, ನಾಲ್ಕು ಸ್ಟಾಪ್ ಬೋರ್ಡು

ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೆಸರು ಬಂದದ್ದು ಅಸ್ಸಿಸಿಯ ಸಂತ ಫ್ರಾನ್ಸಿಸರಿಂದ. 1776ರಲ್ಲಿ ಫ್ರಾನ್ಸಿಸ್ಕನ್ ಗುರುಗಳು ಆರಂಭಿಸಿದ ಮಿಷನ್ ದೊಲೊರೆಸ್ ಈಗಲೂ ಅಲ್ಲಿದೆ. ಅದನ್ನು ನೋಡಲೆಂದು ಹೋದ ನಾವು ಹೊರಬಂದ ಮೇಲೆ ಹೆಚ್ಚು ಹೊತ್ತು ನೋಡಿದ್ದು ಮಾತ್ರ ರಸ್ತೆಯನ್ನೇ! ಬಿಳಿ ಕಾರೊಂದು ಬರುತ್ತಿದೆ, ಸ್ಟೀರಿಂಗ್ ತಾನಾಗಿ ತಿರುಗುತ್ತಿದೆ, ಚಾಲಕನ ಸೀಟು ಖಾಲಿ. ವೇಮೋ ಕಂಪನಿಯ ಈ ಬಾಡಿಗೆ ಕಾರುಗಳನ್ನು 2024ರ ಜೂನ್‌ನಿಂದ ಅಲ್ಲಿ ಯಾರು ಬೇಕಾದರೂ ಕರೆಯಬಹುದು.

ಅಲ್ಲಿನ ಅನೇಕ ಅಡ್ಡರಸ್ತೆಗಳಲ್ಲಿ ಸಿಗ್ನಲ್ ದೀಪವಿಲ್ಲ. ನಾಲ್ಕೂ ಕಡೆ ಸ್ಟಾಪ್ ಬೋರ್ಡು, ಅಷ್ಟೇ. ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ದಾಟುವ ಪಾದಚಾರಿಗಳಿಗೆ ಎಲ್ಲರೂ ಕಾಯಬೇಕು. ನಮ್ಮ ಕಾಸರಗೋಡಿನ ಕಡೆ ಹಾರ್ನಿನಲ್ಲಿ ಹೇಳುವುದನ್ನು ಅಲ್ಲಿನವರು ಕಣ್ಣಿನಲ್ಲಿ, ಕೈಸನ್ನೆಯಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಖಾಲಿ ಸೀಟಿಗೆ ಯಾವ ಸನ್ನೆ ಮಾಡುವುದು? ಕಾರು ಲೇಸರ್, ರೇಡಾರ್, ಕ್ಯಾಮೆರಾಗಳಿಂದ ಸುತ್ತಲಿನವರ ದೂರ, ವೇಗ ಅಳೆಯುತ್ತದೆ. ಯಾರು ಎತ್ತ ಹೋಗಬಹುದೆಂದು ಊಹಿಸುತ್ತದೆ. ನಾವು ದಾಟುವಾಗ ಅದು ನಿಂತೇ ಇತ್ತು. ಆದರೂ, ಸುಳ್ಳೇಕೆ, ನಾವು ಸ್ವಲ್ಪ ಬೇಗ ಬೇಗನೇ ಹೆಜ್ಜೆ ಹಾಕಿದೆವು.

ಎಲ್ಲಾ ಕಾರುಗಳೂ ಹೀಗೆಯೇ ಆದರೆ ಸಿಗ್ನಲ್ ಯಾಕೆ ಬೇಕು? 2004ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕರ್ಟ್ ಡ್ರೆಸ್ನರ್ ಮತ್ತು ಪೀಟರ್ ಸ್ಟೋನ್ ಒಂದು ಉಪಾಯ ಮುಂದಿಟ್ಟರು. ರೈಲಿನಲ್ಲಿ ಸೀಟು ರಿಸರ್ವ್ ಮಾಡಿದ ಹಾಗೆ, ಕಾರು ದೂರದಿಂದಲೇ ಜಂಕ್ಷನ್ನಿನ ಕಂಪ್ಯೂಟರಿಗೆ ಕೋರಿಕೆ ಕಳುಹಿಸುತ್ತದೆ. ಕಂಪ್ಯೂಟರು ಜಂಕ್ಷನ್ನನ್ನು ಚೌಕಚೌಕವಾಗಿ ವಿಂಗಡಿಸಿ, ಯಾವ ಗಳಿಗೆಗೆ ಯಾವ ಚೌಕ ಖಾಲಿ ಎಂದು ನೋಡುತ್ತದೆ. ಖಾಲಿಯಿದ್ದರೆ ಒಪ್ಪಿಗೆ, ಇಲ್ಲದಿದ್ದರೆ ಕಾರು ನಿಧಾನಿಸಿ ಮತ್ತೆ ಕೇಳಬೇಕು. ಕಂಪ್ಯೂಟರಿನಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಕಾಯುವ ಹೊತ್ತು ಬಹಳ ಇಳಿಯಿತು. ಆದರೆ ಕೋಲೂರಿ ನಡೆಯುವ ಅಜ್ಜನ ಕೋರಿಕೆಯನ್ನು ಯಾರು ಕಳುಹಿಸುತ್ತಾರೆ? ನಮಗೆ ಇದೇ ದೊಡ್ಡ ಪ್ರಶ್ನೆ.

ಇದು ಬರೀ ಹೆದರಿಕೆಯಲ್ಲ. 2023ರ ಅಕ್ಟೋಬರ್ 2ರಂದು ಅದೇ ನಗರದ ಮಾರ್ಕೆಟ್ ಸ್ಟ್ರೀಟ್ ಮತ್ತು ಐದನೇ ಬೀದಿ ಸೇರುವಲ್ಲಿ, ಮನುಷ್ಯ ಚಾಲಕನೊಬ್ಬನ ಕಾರು ಹೆಂಗಸೊಬ್ಬರಿಗೆ ಡಿಕ್ಕಿ ಹೊಡೆಯಿತು. ಅವರು ಹೋಗಿ ಬಿದ್ದದ್ದು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ. ಅದು ಬ್ರೇಕ್ ಹಾಕಿತು, ನಿಂತಿತು. ನಂತರ ರಸ್ತೆಯ ಬದಿಗೆ ಸರಿಯಬೇಕೆಂದು, ಅಡಿಯಲ್ಲಿ ಸಿಕ್ಕಿಕೊಂಡವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಬದಿಗೆ ಸರಿಯುವುದೇ ಕ್ಷೇಮವೆಂದು ಅದಕ್ಕೆ ಕಲಿಸಿದ್ದರು! ಹೆಂಗಸು ತೀವ್ರ ಗಾಯಗಳೊಂದಿಗೆ ಬದುಕಿ ಉಳಿದರು. ಅದೇ ತಿಂಗಳು ಕ್ಯಾಲಿಫೋರ್ನಿಯಾ ರಾಜ್ಯ ಕ್ರೂಸ್‌ನ ಪರವಾನಗಿ ಅಮಾನತುಗೊಳಿಸಿತು.

2025ರ ಡಿಸೆಂಬರ್ 20ರಂದು ಇನ್ನೊಂದು ಬಗೆಯ ಫಜೀತಿ. ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ ಬಿದ್ದು ನಗರದ ದೊಡ್ಡ ಭಾಗ ಕತ್ತಲಾಯಿತು, ಸಿಗ್ನಲ್‌ಗಳು ಆರಿದವು. ಆರಿದ ಸಿಗ್ನಲನ್ನು ನಾಲ್ಕು ಸ್ಟಾಪ್ ಬೋರ್ಡಿನಂತೆ ಕಾಣಲು ವೇಮೋ ಕಾರಿಗೆ ಗೊತ್ತಿದೆ. ಅನುಮಾನ ಬಂದರೆ ಕಂಪನಿಯ ಸಿಬ್ಬಂದಿಯನ್ನು ಕೇಳುತ್ತದೆ. ಅಂದು ಬಹಳ ಕಾರುಗಳು ಒಟ್ಟಿಗೇ ಕೇಳಿದವು. ಉತ್ತರ ತಡವಾಗಿ ಎಷ್ಟೋ ಕಾರುಗಳು ಅಡ್ಡರಸ್ತೆಗಳಲ್ಲೇ ನಿಂತುಬಿಟ್ಟವು. ಸೇವೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಕರೆಂಟು ಹೋದದ್ದನ್ನು ಕಾರೇ ತಿಳಿದು, ಇನ್ನಷ್ಟು ಧೈರ್ಯವಾಗಿ ಮುಂದುವರಿಯುವಂತೆ ತಿದ್ದುಪಡಿ ಮಾಡುವುದಾಗಿ ಕಂಪನಿ ಆಮೇಲೆ ಹೇಳಿತು.