ಕಾಯಕಕ್ಕೆ ತಕ್ಕ ವಾಹನ

ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಚನಸಾಹಿತ್ಯವನ್ನೂ ಓದಿ ಬೆಳೆದವನಿಗೆ ಮೋಟಾರು ವಾಹನಗಳ ಮೇಲೆ ಇಷ್ಟೇಕೆ ಅಕ್ಕರೆ ಎಂದು ಕೇಳುವವರುಂಟು. ಉತ್ತರ ಸರಳವಾದುದು. ಶ್ರೀಗಳವರ ಸಂಚಾರಕ್ಕಿದ್ದ ಹಳೆಯ ಜೀಪು ಹಳ್ಳಿಯ ದಾರಿಯಲ್ಲಿ ಕೆಟ್ಟು ನಿಂತಾಗಲೆಲ್ಲ ಚಾಲಕನ ಕೈಗೆ ಸ್ಪಾನರು ಕೊಡುತ್ತಿದ್ದವನು ನಾನೇ. ಯಂತ್ರವೊಂದನ್ನು ಬಿಚ್ಚಿ ನೋಡಿದವನಿಗೆ ಅದನ್ನು ಮಾಡಿದವರ ನಾಡು, ದಾರಿ, ಬದುಕು ಕೂಡ ಅಷ್ಟಿಷ್ಟು ಕಾಣತೊಡಗುತ್ತವೆ. ಮಗಳು ಅಳಿಯಂದಿರು ಮೆಲ್ಬರ್ನಿನಲ್ಲಿ ನೆಲೆಸಿರುವುದರಿಂದ ಆಸ್ಟ್ರೇಲಿಯಾದ ಕಾರುಗಳನ್ನು ಕಣ್ಣಾರೆ ಕಾಣುವ, ಅವುಗಳ ಚರಿತ್ರೆಯನ್ನು ಓದುವ ಅವಕಾಶ ನನಗೆ ಒದಗಿತು. ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿರುವುದರಿಂದ, ನನ್ನ ಅಭಿಪ್ರಾಯಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಆಸ್ಟ್ರೇಲಿಯಾದವರು ತಮ್ಮದೆಂದು ಎದೆಗವಚಿಕೊಂಡ ಕಾರು ಹೋಲ್ಡನ್. ಅದರ ಮೂಲ ಕಾರ್ಖಾನೆಯಲ್ಲಿಲ್ಲ, ಕುದುರೆಯ ಜೀನು ಹೊಲಿಯುವ ಕಾಯಕದಲ್ಲಿದೆ. 1856ರಲ್ಲಿ ಅಡಿಲೇಡ್ ನಗರದಲ್ಲಿ ಆರಂಭವಾದ ಜೀನಿನ ವ್ಯಾಪಾರವು ಮುಂದೆ ಗಾಡಿಗಳ ಮೈಕಟ್ಟು ಮಾಡುವ ಉದ್ಯಮವಾಯಿತು. 1931ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯೊಡನೆ ಕೂಡಿತು. 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿಯವರು ಮೆಲ್ಬರ್ನಿನಲ್ಲಿ ಮೊದಲ ಹೋಲ್ಡನ್ ಕಾರನ್ನು ಲೋಕಾರ್ಪಣೆ ಮಾಡಿದರು.

ನನಗೆ ಹೆಚ್ಚು ಪ್ರಿಯವಾದುದು ಯೂಟ್ ಎಂಬ ವಾಹನದ ಕಥೆ. 1930ರ ದಶಕದ ಆರಂಭದಲ್ಲಿ ವಿಕ್ಟೋರಿಯಾ ಪ್ರಾಂತದ ರೈತನ ಮಡದಿಯೊಬ್ಬಳು ಫೋರ್ಡ್ ಕಂಪನಿಗೆ ಪತ್ರ ಬರೆದಳೆಂದು ಹೇಳುತ್ತಾರೆ. ಭಾನುವಾರ ಮಳೆಯಲ್ಲಿ ನೆನೆಯದೆ ಚರ್ಚಿಗೆ ಹೋಗಬೇಕು, ಸೋಮವಾರ ಅದೇ ವಾಹನದಲ್ಲಿ ಹಂದಿಗಳನ್ನು ಸಂತೆಗೆ ಸಾಗಿಸಬೇಕು. ಅಂಥದೊಂದು ಗಾಡಿ ಬೇಕೆಂಬುದು ಅವಳ ಬೇಡಿಕೆ. ಗೀಲಾಂಗ್ ಕಾರ್ಖಾನೆಯ ತರುಣ ವಿನ್ಯಾಸಕಾರ ಲೂ ಬ್ಯಾಂಡ್ಟ್ ಮುಂದೆ ಕಾರಿನಂತೆಯೂ ಹಿಂದೆ ಸರಕಿನ ತೊಟ್ಟಿಯಂತೆಯೂ ಇರುವ ಒಂದೇ ಮೈಯ ವಾಹನವನ್ನು ರಚಿಸಿದನು. 1934ರಲ್ಲಿ ಅದು ಮಾರುಕಟ್ಟೆಗೆ ಬಂತು. ಪ್ರಾರ್ಥನೆ, ದುಡಿಮೆ ಎರಡಕ್ಕೂ ಒಂದೇ ವಾಹನ ಬೇಡಿದ ಆ ಗೃಹಿಣಿಯ ವಿವೇಕ ಮೆಚ್ಚತಕ್ಕದ್ದು.

ನೆಲದ ಅಗತ್ಯವನ್ನು ಅರಿಯದೆ ತಂದ ವಾಹನ ಏನಾಗುವುದೆಂಬುದಕ್ಕೂ ಅಲ್ಲಿಯೇ ನಿದರ್ಶನವಿದೆ. 1960ರಲ್ಲಿ ಬಂದ ಫೋರ್ಡ್ ಫಾಲ್ಕನ್ ಅಮೆರಿಕದ ನಯವಾದ ದಾರಿಗಳಿಗಾಗಿ ರಚಿತವಾದುದು. ಆಸ್ಟ್ರೇಲಿಯಾದ ಒಳನಾಡಿನ ಕೊರಕಲು ಮಣ್ಣುದಾರಿಯಲ್ಲಿ ಅದರ ಮುಂದಿನ ಸಸ್ಪೆನ್ಷನ್ ತಾಳಲಿಲ್ಲ. ಕಂಪನಿಯವರು ಕಾರನ್ನು ಹಂತಹಂತವಾಗಿ ಬಲಪಡಿಸಿದರು. 1965ರಲ್ಲಿ ಹಲವು ಫಾಲ್ಕನ್‌ಗಳನ್ನು ಯೂ ಯಾಂಗ್ಸ್ ಪರೀಕ್ಷಾ ಪಥದಲ್ಲಿ ಹಗಲಿರುಳೆನ್ನದೆ ಒಟ್ಟು 70,000 ಮೈಲಿ ಓಡಿಸಿ ಜನರ ನಂಬಿಕೆಯನ್ನು ಮರಳಿ ಗಳಿಸಿದರು. ಆ ಬಳಿಕ ಹೋಲ್ಡನ್ ಪಕ್ಷ, ಫೋರ್ಡ್ ಪಕ್ಷ ಎಂದು ಮನೆಮನೆಗಳೇ ಎರಡಾದವು. ಬ್ಯಾಥರ್ಸ್ಟ್ ನಗರದ ವಾರ್ಷಿಕ ಕಾರು ಪಂದ್ಯದಲ್ಲಿ ಈ ಎರಡು ಪಕ್ಷಗಳ ಹುರುಪು ನಮ್ಮ ಜಾತ್ರೆಯ ಕುಸ್ತಿ ಕಣವನ್ನು ನೆನಪಿಸುವಂತಿತ್ತು.

ಅದೆಲ್ಲ ಈಗ ಇತಿಹಾಸ. ಚಿಕ್ಕ ಮಾರುಕಟ್ಟೆ, ಹೆಚ್ಚಿದ ಡಾಲರ್ ಬೆಲೆ, ಇಳಿದ ಆಮದು ಸುಂಕ, ಬದಲಾದ ಜನರ ರುಚಿ ಇವೆಲ್ಲ ಸೇರಿ ಅಲ್ಲಿನ ಕಾರ್ಖಾನೆಗಳನ್ನು ಮುಚ್ಚಿಸಿದವು. ಮಿತ್ಸುಬಿಷಿ 2008ರಲ್ಲಿ, ಫೋರ್ಡ್ 2016ರಲ್ಲಿ, ಟೊಯೋಟಾ ಮತ್ತು ಹೋಲ್ಡನ್ 2017ರಲ್ಲಿ ಅಲ್ಲಿನ ಕಾರು ತಯಾರಿಕೆಯನ್ನು ನಿಲ್ಲಿಸಿದವು. ಹೋಲ್ಡನ್ ಎಂಬ ಹೆಸರನ್ನೇ ಕೈಬಿಡುವ ಘೋಷಣೆ 2020ರಲ್ಲಿ ಹೊರಟಿತು. ಇಂದು ಅಲ್ಲಿ ಮಾರಾಟವಾಗುವ ಹೊಸ ಕಾರುಗಳು ಜಪಾನ್, ಥಾಯ್ಲೆಂಡ್, ಚೀನಾ, ಕೊರಿಯಾ ಮೊದಲಾದ ದೇಶಗಳಿಂದ ಹಡಗಿನಲ್ಲಿ ಬರುತ್ತವೆ.

ವಿಚಿತ್ರವೆಂದರೆ, ಆ ರೈತಗೃಹಿಣಿಯ ಯೂಟ್ ಸಾಯಲಿಲ್ಲ, ಬೆಳೆದು ದೈತ್ಯಾಕಾರ ತಾಳಿತು. 2016ರಿಂದ 2022ರವರೆಗೆ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದುದು ಟೊಯೋಟಾ ಹೈಲಕ್ಸ್. 2023 ಮತ್ತು 2024ರಲ್ಲಿ ಫೋರ್ಡ್ ರೇಂಜರ್. ರೇಂಜರ್‌ನ ವಿನ್ಯಾಸ ಆಸ್ಟ್ರೇಲಿಯಾದ್ದು, ತಯಾರಿಕೆ ಥಾಯ್ಲೆಂಡಿನದು. ನಾಲ್ಕು ಬಾಗಿಲುಗಳ ಈ ವಾಹನದ ಉದ್ದ ಸುಮಾರು 5.4 ಮೀಟರ್, ತೂಕ ಎರಡು ಟನ್ನಿಗೂ ಮಿಗಿಲು. ಅಲ್ಲಿ ಕಾರು ನಿಲ್ಲಿಸಲು ಗುರುತು ಹಾಕಿದ ಜಾಗದ ಉದ್ದವೂ ಸಾಮಾನ್ಯವಾಗಿ 5.4 ಮೀಟರೇ.

ಯೂಟ್ ಕೆಟ್ಟದೆಂದು ನಾನು ಹೇಳಲಾರೆ. ಮಗಳ ನೆರೆಮನೆಯಲ್ಲಿ ನಳದ ಕೆಲಸದವರೊಬ್ಬರಿದ್ದಾರೆ. ಬೆಳಗಿನ ಆರಕ್ಕೆ ಕೊಳವೆ, ಏಣಿ, ಉಪಕರಣಗಳನ್ನು ತಮ್ಮ ಯೂಟಿನಲ್ಲಿ ಒಪ್ಪವಾಗಿ ಜೋಡಿಸಿಕೊಂಡು ಹೊರಡುವ ಅವರನ್ನು ಕಂಡಾಗ ನನಗೆ ಗೌರವವೇ ಮೂಡುತ್ತಿತ್ತು. ಆ ವಾಹನ ಅವರ ಕಾಯಕದ ಅಂಗ. ಒಳನಾಡಿನ ಪಶುಪಾಲಕರಿಗೂ ಅದು ಅನಿವಾರ್ಯ. ನನ್ನ ಆಕ್ಷೇಪ ತೊಟ್ಟಿಯಲ್ಲಿ ಒಂದು ಬುಟ್ಟಿಯನ್ನೂ ಹೊರದೆ ನಗರದ ಬೀದಿಗಳಲ್ಲಿ ಮೆರೆಯುವ ಯೂಟುಗಳ ಬಗ್ಗೆ ಮಾತ್ರ.

ನಾನು ಅಲ್ಲಿದ್ದಾಗ ಅಳಿಯಂದಿರು ಅಂಥದೊಂದನ್ನು ಸಾಲ ಮಾಡಿ ಕೊಳ್ಳುವ ಉತ್ಸಾಹದಲ್ಲಿದ್ದರು. ಅವರದು ಕಂಪ್ಯೂಟರ್ ಕೆಲಸ. ಕಚೇರಿಗೆ ಹೋಗಿಬರುವುದು ರೈಲಿನಲ್ಲಿ. “ಮಾವನವರೇ, ವರ್ಷಕ್ಕೆ ಎರಡು ಸಲ ಗುಡ್ಡಗಾಡಿಗೆ ಹೋಗುತ್ತೇವಲ್ಲ. ಮೇಲಾಗಿ ದೊಡ್ಡ ಗಾಡಿಯಲ್ಲಿ ಮಕ್ಕಳಿಗೆ ಅಪಾಯ ಕಡಿಮೆ” ಎಂದರು. ಒಳಗೆ ಕುಳಿತ ಮಕ್ಕಳ ಮಟ್ಟಿಗೆ ಮಾತು ಸುಳ್ಳಲ್ಲ. ನಾನು ವಾದಕ್ಕಿಳಿಯಲಿಲ್ಲ. ಮಾರಾಟಗಾರರು ಓಡಿಸಿ ನೋಡಲೆಂದು ಕೊಟ್ಟ ವಾಹನ ಮನೆಯಂಗಳಕ್ಕೆ ಬಂದಾಗ, ಎಂಜಿನ್ ನಿಲ್ಲಿಸಿ ಒಳಗೇ ಕುಳಿತಿರುವಂತೆ ಹೇಳಿ, ನಾಲ್ಕು ವರ್ಷದ ಮೊಮ್ಮಗಳ ಕೈಹಿಡಿದು ಅದರ ಮುಂದೆ ನಿಂತೆ.

“ಅಳಿಯಂದಿರೇ, ಕೂಸು ಕಾಣುತ್ತಾಳೆಯೇ?”

“ನೀವು ಕಾಣುತ್ತೀರಿ” ಎಂದರು.

ಎರಡು ಹೆಜ್ಜೆ ಹಿಂದೆ ಸರಿದೆವು. ಅದೇ ಉತ್ತರ. ಇನ್ನೆರಡು ಹೆಜ್ಜೆ ಸರಿದಾಗ ಅವಳ ಜುಟ್ಟಿನ ರಿಬ್ಬನ್ನು ಮಾತ್ರ ಕಂಡಿತಂತೆ. ಬಾಗಿಲಲ್ಲಿ ನಿಂತಿದ್ದ ಮಗಳು ಏನನ್ನೂ ಹೇಳದೆ ಬಂದು ಮಗುವನ್ನು ಎತ್ತಿಕೊಂಡಳು. ಕ್ಯಾಮೆರಾ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದನ್ನು ನೋಡಬೇಕಾದ ಕಣ್ಣು ಆ ಕ್ಷಣ ಬೇರೆಡೆ ಇದ್ದರೆ ಅದು ಇದ್ದೂ ಇಲ್ಲದಂತೆ.

ಅಂದು ರಾತ್ರಿ ಊಟದ ಬಳಿಕ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಹೇಳಿದೆನು. ನಿತ್ಯದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಪತಿ ಆಯ್ದು ತಂದ ದಿನ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಆ ಮಹಾಸತಿ ತಿಳಿಹೇಳಿದಳು. ಅವಳ ಮನೆಯಲ್ಲಿ ಬಡತನವಿತ್ತು, ಹೆಚ್ಚಿನ ಅಕ್ಕಿ ನಾಳೆಗೆ ಆಗುತ್ತಿತ್ತು, ಆದರೂ ಬೇಡವೆಂದಳು. ಅಗತ್ಯದ ಅಳತೆ ಅವಳಿಗೆ ತಿಳಿದಿತ್ತು. ಅಳಿಯಂದಿರು ಸುಮ್ಮನೆ ಕೇಳಿದರು. ಕೆಲವು ದಿನಗಳ ನಂತರ ತಾವಾಗಿಯೇ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಕಾರನ್ನು ಗೊತ್ತುಮಾಡಿದರು. ಗುಡ್ಡಗಾಡಿಗೆ ಹೋಗುವ ಎರಡು ವಾರ ಯೂಟನ್ನು ಬಾಡಿಗೆಗೆ ತರುವುದೆಂದು ನಿಶ್ಚಯವಾಯಿತು.

ಕ್ಯಾಮ್ರಿ ನನಗೂ ಒಪ್ಪಿಗೆಯಾದ ವಾಹನ. 2017ರವರೆಗೆ ಮೆಲ್ಬರ್ನಿನ ಆಲ್ಟೋನಾದಲ್ಲಿಯೇ ತಯಾರಾಗುತ್ತಿದ್ದ ಅದು ಈಗ ಜಪಾನಿನಿಂದ ಬರುತ್ತದೆ. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಕೂಡಿ ದುಡಿಯುವುದರಿಂದ ನೂರು ಕಿಲೋಮೀಟರಿಗೆ ನಾಲ್ಕೈದು ಲೀಟರ್ ಸಾಕು. ಸ್ವಂತ ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದು ನಗರದಲ್ಲಿಯೇ ಸುತ್ತುವವರಿಗೆ ಪೂರ್ಣ ವಿದ್ಯುತ್ ಕಾರೂ ಯೋಗ್ಯ. ಊರಿಂದೂರಿಗೆ ನೂರಾರು ಕಿಲೋಮೀಟರಿರುವ ಒಳನಾಡಿನವರು ಮಾತ್ರ ದಾರಿಯ ಚಾರ್ಜಿಂಗ್ ಕೇಂದ್ರಗಳನ್ನು ಮೊದಲೇ ಎಣಿಸಿಕೊಳ್ಳಬೇಕು.

ಸುರಕ್ಷತೆಯ ಬಗ್ಗೆ ಇನ್ನೊಂದು ಮಾತು. ಕಾರಿನಲ್ಲಿ ಸೀಟ್ ಬೆಲ್ಟ್ ಧರಿಸುವುದನ್ನು ಜಗತ್ತಿನಲ್ಲಿ ಮೊದಲು ಕಡ್ಡಾಯಗೊಳಿಸಿದ್ದು 1970ರಲ್ಲಿ ವಿಕ್ಟೋರಿಯಾ ಪ್ರಾಂತವೇ. ಆ ಕಟ್ಟುನಿಟ್ಟು ಇಂದಿಗೂ ಉಳಿದಿದೆ. ನಮ್ಮ ಮಹೀಂದ್ರ ಸ್ಕಾರ್ಪಿಯೋಗೆ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು ನಕ್ಷತ್ರ ದೊರೆತವು. 2023ರಲ್ಲಿ ಆಸ್ಟ್ರೇಲಿಯಾದ ಆನ್‌ಕ್ಯಾಪ್ ಪರೀಕ್ಷೆಯಲ್ಲಿ ಒಂದೂ ದೊರೆಯಲಿಲ್ಲ. ಅಪಾಯ ಕಂಡಾಗ ತಾನೇ ಬ್ರೇಕ್ ಹಾಕುವಂಥ ಸಾಧನಗಳು ಅದರಲ್ಲಿಲ್ಲದಿದ್ದುದು ಮುಖ್ಯ ಕಾರಣ. ಆದ್ದರಿಂದ ನಕ್ಷತ್ರಗಳನ್ನು ಎಣಿಸುವವರು ಅವು ಯಾರು ಕೊಟ್ಟವು, ಯಾವ ವರ್ಷದವು ಎಂಬುದನ್ನೂ ನೋಡತಕ್ಕದ್ದು.

ದೂರದೇಶದಲ್ಲಿ ನೆಲೆಸಿದ ಮಕ್ಕಳು “ಯಾವ ಕಾರು ಕೊಳ್ಳಲಿ?” ಎಂದು ಫೋನಿನಲ್ಲಿ ಕೇಳಿದಾಗ ಹಿರಿಯರು “ನಮಗೇನು ತಿಳಿದೀತು” ಎಂದು ಜಾರಿಕೊಳ್ಳುವುದುಂಟು. ಎಂಜಿನ್ನಿನ ವಿಷಯ ತಿಳಿಯದಿದ್ದರೂ ಚಿಂತೆಯಿಲ್ಲ. ದಿನಕ್ಕೆ ಎಷ್ಟು ದೂರ ಹೋಗುವಿರಿ, ಏನು ಹೊರುವಿರಿ, ಎಷ್ಟು ವರ್ಷದ ಸಾಲ, ಅಂಗಳದಲ್ಲಿ ಆಡುವ ಮಕ್ಕಳ ಎತ್ತರವೆಷ್ಟು, ಇಷ್ಟನ್ನು ಕೇಳಿರಿ. ಉಳಿದುದನ್ನು ಅವರೇ ನಿರ್ಧರಿಸಿಕೊಳ್ಳುವರು.