ಅಜ್ಜ ಹಿಂದಿರುಗಿಸಿದ ಪಿಸ್ತೂಲು

ನಾನು ಹುಟ್ಟಿದ ದಿನ ನಮ್ಮ ಮನೆಯಂಗಳದಲ್ಲಿ ಗುಂಡಿನ ಸದ್ದಾಗಲಿಲ್ಲ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು ಹಾರಿಸುವುದು ಹಿಂದಿನಿಂದ ನಡೆದುಬಂದ ರೂಢಿ. ನನ್ನ ತಮ್ಮನಿಗಾಗಿ ಒಂದು ಹಾರಿತು. ಅಜ್ಜ ತೀರಿಕೊಂಡಾಗ ಎರಡು ಹಾರಿದವು. ಆಗ ನನಗೆ ಹನ್ನೊಂದು ವರ್ಷ. ಹೀಗೆ ಕೋವಿಯ ಸದ್ದು ಕೇಳುತ್ತಲೇ ಬೆಳೆದವಳಾದರೂ, ಐವತ್ತನಾಲ್ಕು ತುಂಬುವವರೆಗೆ ನಾನು ಟ್ರಿಗರಿಗೆ ಬೆರಳಿಟ್ಟವಳಲ್ಲ.

ಕೋವಿ ನಮಗೆ ಪೂಜೆಯ ವಸ್ತುವಾಗಿತ್ತು. ಭತ್ತದ ನಾಟಿಯ ಕೆಲಸ ಮುಗಿಯುವವರೆಗೆ ದೇವರ ಕೋಣೆಯಲ್ಲಿರಿಸಿದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಹೊರತೆಗೆದು, ಒರೆಸಿ, ಗಂಧ ಹಚ್ಚಿ, ತೋಕ್‌ಪೂವಿನಿಂದ ಸಿಂಗರಿಸುತ್ತಿದ್ದರು. ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಜಡಿಮಳೆಯಲ್ಲಿ ಬೇಲಿ ಬೇಲಿ ಅಲೆದು ಆ ಕೆಂಪು ಹಳದಿ ಹೂವನ್ನು ಕೊಯ್ದು ತರುವುದು ನನ್ನ ಕೆಲಸ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ತಮ್ಮನ ಕೆಲಸ. ಇಂದು ನಮ್ಮ ಹೆಣ್ಣುಮಕ್ಕಳೂ ಆ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಾರೆ, ಸಂತೋಷ. ಆದರೆ ನಮ್ಮ ಮನೆಯಲ್ಲಿ ಆ ಗಾಳಿ ಇನ್ನೂ ಬೀಸಿರಲಿಲ್ಲ.

ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದವರು. ಕೊಡಗೆಂದೊಡನೆ ಕಾರ್ಯಪ್ಪ, ತಿಮ್ಮಯ್ಯನವರನ್ನು ನೆನೆಯುವ ಸಹೃದಯರಿಗೆ ಅಜ್ಜನಂಥ ಸುಬೇದಾರರ ಪರಿಚಯವಿರಲಾರದು. ಯುದ್ಧದ ವಿಷಯವನ್ನು ಅವರು ಆಡಿದ್ದು ತೀರ ಕಡಿಮೆ. ಆದರೆ ಸೊಂಟದಲ್ಲಿದ್ದ ಪಿಸ್ತೂಲನ್ನು ಮಾತ್ರ ‘ಬಾಲವಿಲ್ಲದ ನಾಯಿ’ ಎಂದು ಕರೆದು ನಗುತ್ತಿದ್ದರು. 1946ರಲ್ಲಿ ಸೈನ್ಯ ಬಿಟ್ಟಾಗ ಅದನ್ನು ಉಗ್ರಾಣಕ್ಕೆ ಹಿಂದಿರುಗಿಸಿ, ರುಜು ಹಾಕಿ ಬಂದರಂತೆ. “ಅದೊಂದನ್ನು ಕೊಟ್ಟುಬಿಟ್ಟೆ ನೋಡು” ಎಂದು ಹೇಳುವಾಗ ಅವರ ಧ್ವನಿಯಲ್ಲಿದ್ದುದು ವ್ಯಥೆಯೋ ನೆಮ್ಮದಿಯೋ ನನಗೆ ತಿಳಿಯುತ್ತಿರಲಿಲ್ಲ.

ಸನ್ನಿವೇಲ್‌ನ ನಮ್ಮ ಮನೆಯ ಹಜಾರದಲ್ಲಿ ಅಜ್ಜನ ಸಮವಸ್ತ್ರದ ಭಾವಚಿತ್ರವಿದೆ. ನೆರೆಮನೆಯ ಹಿರಿಯರೊಬ್ಬರು, ವಿಯಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ ಅಮೆರಿಕನ್ನರು, ನಾನು ಕೊಟ್ಟ ಕಡಂಬುಟ್ಟು ತಿನ್ನುತ್ತ ಅದನ್ನೇ ದಿಟ್ಟಿಸಿದರು. ಬಾಲವಿಲ್ಲದ ನಾಯಿಯ ಕಥೆ ಹೇಳಿದೆ. ಅವರು ಕೂಡಲೇ ಗುರುತಿಸಿದರು: ಎನ್‌ಫೀಲ್ಡ್ ನಂಬರ್ 2. ಬ್ರಿಟಿಷರು 1932ರಲ್ಲಿ ಸೈನ್ಯಕ್ಕೆ ತೆಗೆದುಕೊಂಡ, ಆರು ಗುಂಡಿನ, .38 ಅಳತೆಯ ರಿವಾಲ್ವರ್. ಟ್ಯಾಂಕಿನೊಳಗೆ ಹತ್ತಿ ಇಳಿಯುವಾಗ ತೊಡಕಾಗದಿರಲೆಂದು 1938ರಿಂದ ಅದರ ಹ್ಯಾಮರಿನ ಹಿಂದಿನ ಕೊಕ್ಕೆಯನ್ನು ತೆಗೆದುಹಾಕಿದರು. ಅದೇ ಅಜ್ಜನ ‘ಬಾಲ’. ಯುದ್ಧ ಮುಗಿದ ಮೇಲೆ ಹೆಚ್ಚುವರಿಯೆಂದು ಮಾರಲ್ಪಟ್ಟ ಇಂಥವು ಈ ದೇಶಕ್ಕೂ ಬಂದಿವೆಯೆಂದು ಅವರು ಹೇಳಿದ ಮೇಲೆ ನನಗೆ ನಿದ್ರೆ ಬರಲಿಲ್ಲ.

“ಕರಿಬೇವಿನ ಗಿಡ ತರಲು ಮೂರು ಅಂಗಡಿ ಅಲೆಯುವವಳು, ಪಿಸ್ತೂಲಿಗೆ ಎಷ್ಟು ಅಲೆಯುತ್ತೀಯೆ?” ಎಂದು ನಮ್ಮ ಯಜಮಾನರು ನಕ್ಕರು. ಅಲೆದದ್ದು ನಿಜ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಟ್ಟಕಡೆಯ ಬಂದೂಕಿನ ಅಂಗಡಿ 2015ರಲ್ಲೇ ಮುಚ್ಚಿತ್ತು. ಕೊನೆಗೆ 2023ರಲ್ಲಿ ಸ್ಯಾನ್ ಹೋಸೆಯ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಅದು ಕಂಡಿತು. ಮೈಮೇಲೆ 1942 ಎಂಬ ಮುದ್ರೆ. ಅಜ್ಜನದೇ ಅಲ್ಲ, ಬಲ್ಲೆ. ಇತಿಹಾಸ ಓದಿ ಬಿ.ಎ. ಮಾಡಿದವಳು ಅಷ್ಟು ಭಾವುಕಳಾಗಬಾರದು. ಆದರೂ ಕೈ ನಡುಗಿತು.

ಕೊಂಡುಕೊಳ್ಳುವ ಕಥೆ ಬೇರೆಯೇ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಹೊರಗಿಟ್ಟರು. ಸ್ವತಂತ್ರ ಭಾರತವೂ ಪರವಾನಗಿಯ ಆ ವಿನಾಯಿತಿಯನ್ನು ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಂಥ ಕುಲದಲ್ಲಿ ಹುಟ್ಟಿದವಳು ಕ್ಯಾಲಿಫೋರ್ನಿಯಾದಲ್ಲಿ ಮೂವತ್ತು ಪ್ರಶ್ನೆಗಳ ಪರೀಕ್ಷೆಗೆ ಕುಳಿತೆ. ಇಪ್ಪತ್ತಮೂರು ಉತ್ತರ ಸರಿಯಿದ್ದರೆ ಸಾಕು, ನನ್ನವು ಇಪ್ಪತ್ತೆಂಟು. ಬಳಿಕ ಹೆಬ್ಬೆಟ್ಟಿನ ಗುರುತು, ವಾಸದ ಪುರಾವೆಗೆ ವಿದ್ಯುತ್ ಬಿಲ್ಲು, ಪೂರ್ವಾಪರ ವಿಚಾರಣೆ, ಹತ್ತು ದಿನಗಳ ಕಾಯುವಿಕೆ. ಐವತ್ತು ವರ್ಷ ಮೀರಿದ ಹಳೆಯ ಆಯುಧವಾದ್ದರಿಂದ ರಾಜ್ಯದ ಅನುಮೋದಿತ ಪಟ್ಟಿಯಲ್ಲಿರಬೇಕೆಂಬ ನಿಯಮವೊಂದು ಮಾತ್ರ ಇದಕ್ಕಿರಲಿಲ್ಲ. ಮದ್ದುಗುಂಡು ಕೊಳ್ಳುವಾಗ ಮತ್ತೊಮ್ಮೆ ವಿಚಾರಣೆ. .38 ಎಂದು ಬರೆದಿದೆಯಲ್ಲ ಎಂದು ‘ಸ್ಪೆಷಲ್’ ಪೆಟ್ಟಿಗೆಗೆ ಕೈ ಹಾಕಿದ್ದೆ. ಅದು ಉದ್ದ, ನನ್ನ ಪಿಸ್ತೂಲಿಗೆ ಬೇಕಾದ್ದು ಗಿಡ್ಡಗೆ ದಪ್ಪಗಿರುವ ಬೇರೆ ಗುಂಡೆಂದು ಅಂಗಡಿಯಾತ ತಾಳ್ಮೆಯಿಂದ ವಿವರಿಸಿದ.

ಸ್ಯಾನ್ ಹೋಸೆಯ ದಕ್ಷಿಣದ ಬೆಟ್ಟಗಳ ನಡುವೆ ಕೌಂಟಿಯವರ ಫೀಲ್ಡ್ ಸ್ಪೋರ್ಟ್ಸ್ ಪಾರ್ಕ್ ಇದೆ. ನೆರೆಮನೆಯವರೇ ಜೊತೆಗೆ ಬಂದರು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಬಾಲವಿಲ್ಲದ್ದರಿಂದ ಹ್ಯಾಮರನ್ನು ಮೊದಲೇ ಹಿಂದಕ್ಕೆಳೆದು ನಿಲ್ಲಿಸುವಂತಿಲ್ಲ. ಪ್ರತಿ ಗುಂಡಿಗೂ ಟ್ರಿಗರನ್ನು ಉದ್ದಕ್ಕೂ ಎಳೆಯಬೇಕು. ಬಾವಿಯಿಂದ ತುಂಬಿದ ಕೊಡ ಎಳೆದಷ್ಟು ಬಿಗಿ! ಎಳೆದೆ, ಎಳೆದೆ, ಇನ್ನು ಆಗದೆಂದುಕೊಳ್ಳುವಾಗ ಸಿಡಿಯಿತು. ಮೊದಲನೆಯದು ಎತ್ತ ಹೋಯಿತೋ ದೇವರೇ ಬಲ್ಲ. ಆರರಲ್ಲಿ ಎರಡು ಕಾಗದಕ್ಕೆ ತಗುಲಿದವು. ಪಿಸ್ತೂಲನ್ನು ನಡುವಿನಲ್ಲಿ ಮುರಿದಂತೆ ಬಗ್ಗಿಸಿದರೆ ಆರೂ ಖಾಲಿ ತೋಟಾಗಳು ಒಟ್ಟಿಗೇ ಮೇಲೆದ್ದು ಉದುರಿದವು. ಜೊತೆಗೆ ವಾಸನೆ. ಊರಿನದೇ ವಾಸನೆಯೆಂದರೆ ಸುಳ್ಳಾದೀತು. ಆದರೂ ನನ್ನ ಮನಸ್ಸು ಹಬ್ಬದಂಗಳಕ್ಕೆ ಹೋಗಲಿಲ್ಲ; ಅಜ್ಜನನ್ನು ಹೊರಗೆ ತಂದು ಮಲಗಿಸಿದ ಬೆಳಗಿಗೆ ಹೋಯಿತು. ಬಿಸಿ ಪಿಸ್ತೂಲನ್ನು ಕೆಳಗಿರಿಸಿ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಸಂಜೆ ಮಗಳಿಗೆ ಫೋನಿನಲ್ಲಿ ಉತ್ಸಾಹದಿಂದ ಹೇಳಿದೆ. ಆ ಕಡೆ ಬಹಳ ಹೊತ್ತು ಮೌನ. ಅವಳು ಫ್ರೀಮಾಂಟ್‌ನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬಂದೂಕುಧಾರಿ ನುಗ್ಗಿದರೆ ಏನು ಮಾಡಬೇಕೆಂಬ ತಾಲೀಮಿನಲ್ಲಿ ದೀಪ ಆರಿಸಿ, ಆರು ವರ್ಷದ ಮಕ್ಕಳನ್ನು ಮೂಲೆಯಲ್ಲಿ ಕೂರಿಸಿ, ಉಸಿರೆತ್ತದಂತೆ ನೋಡಿಕೊಳ್ಳುವವಳು. 2019ರ ಜುಲೈಯಲ್ಲಿ ಗಿಲ್‌ರಾಯ್‌ನ ಬೆಳ್ಳುಳ್ಳಿ ಉತ್ಸವದಲ್ಲಿ ಮೂವರು ಗುಂಡಿಗೆ ಬಲಿಯಾದರು. 2021ರ ಮೇ 26ರಂದು ಸ್ಯಾನ್ ಹೋಸೆಯ ರೈಲು ಯಾರ್ಡಿನಲ್ಲಿ ಒಂಬತ್ತು ನೌಕರರು. “ಅವ್ವ, ನಿನಗೆ ಅದು ಹೂವಿಡುವ ವಸ್ತು. ನನಗೆ ಅದು ಬಾಗಿಲಾಚೆ ಇರುವ ವಸ್ತು. ಅದು ಆ ಮನೆಯಲ್ಲಿರುವವರೆಗೆ ಮಗುವನ್ನು ಕರೆತರುವುದಿಲ್ಲ” ಎಂದಳು. ನಾನು ಕೋಪದಲ್ಲಿ ನಮ್ಮ ಪರಂಪರೆ, ಸಂಸ್ಕೃತಿ ಎಂದೆಲ್ಲ ಆಡಿದೆ. ಐದು ತಿಂಗಳು ಮೊಮ್ಮಗ ಬರಲಿಲ್ಲ.

ನಮ್ಮ ಸನ್ನಿವೇಲ್‌ನ ಮತದಾರರು 2013ರಲ್ಲೇ ಮನೆಯಲ್ಲಿ ಆಯುಧವನ್ನು ಬೀಗ ಹಾಕಿಡಬೇಕೆಂಬ ನಿಯಮಕ್ಕೆ ಒಪ್ಪಿಗೆಯಿತ್ತಿದ್ದಾರೆ. ನಾನೂ ಉಕ್ಕಿನ ಪೆಟ್ಟಿಗೆ ತಂದು ಬೀಗ ಹಾಕಿಯೇ ಇಟ್ಟಿದ್ದೆ. ಆದರೆ ಕೀಲಿಕೈ ನನ್ನ ಬಳಿ ಇತ್ತಲ್ಲ, ಮಗಳ ಅಂಜಿಕೆ ಅಲ್ಲಿತ್ತು. ಒಂದು ಭಾನುವಾರ ಫ್ರೀಮಾಂಟಿಗೆ ಹೋಗಿ, ಇದ್ದ ಎರಡೂ ಕೀಲಿಕೈಗಳನ್ನು ಅವಳ ಅಡುಗೆಮನೆಯ ಮೇಜಿನ ಮೇಲಿಟ್ಟು, ಕಾಫಿಯನ್ನೂ ಕುಡಿಯದೆ ಬಂದೆ.

2024ರ ಕೈಲ್‌ಪೊಳ್ದಿಗೆ ಅವಳು ಬಂದಳು. ಮೊಮ್ಮಗ ತಾತನೊಡನೆ ಹಿತ್ತಲಿನಲ್ಲಿದ್ದಾಗ ಪೆಟ್ಟಿಗೆಯನ್ನು ತಾನೇ ತೆರೆದಳು. ತೋಕ್‌ಪೂ ಇಲ್ಲಿ ಎಲ್ಲಿಂದ ಬರಬೇಕು? ಚೆಂಡುಹೂವು ಇಟ್ಟೆ. ಅವಳು 1942ರ ಮುದ್ರೆಯ ಮೇಲೆ ಬೆರಳಾಡಿಸಿ, “ಮುತ್ತಜ್ಜ ಯಾರ ಮೇಲಾದರೂ ಹಾರಿಸಿದ್ದರೇ?” ಎಂದು ಕೇಳಿದಳು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ ಎಂದೆ. ಅವಳು ಹೂವನ್ನು ಎತ್ತಿ ದೀಪದ ಬಳಿ ಇಟ್ಟು, ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಕೈಯನ್ನು ತನ್ನ ಚೀಲಕ್ಕೆ ಸೇರಿಸಿ, ಕಡಂಬುಟ್ಟು ಆರುತ್ತಿದೆ ಬಾ ಎಂದಳು.

ಈಗಲೂ ರೇಂಜಿಗೆ ಹೋಗಬೇಕೆನಿಸಿದರೆ ಮೊದಲು ಫ್ರೀಮಾಂಟಿಗೆ ಫೋನು ಮಾಡಬೇಕು. ಹೋದ ತಿಂಗಳು ಎರಡು ಸಲ ಮಾಡಿದೆ.