ಬೆಟ್ಟದ ಮೇಲಿನ ಕೇಕು

ಮಸಿನಗುಡಿಯ ತಾಯಿ ಮಗಳೊಡನೆ ಕಲ್ಲಟ್ಟಿಯ 36 ತಿರುವುಗಳನ್ನೇರಿ ಉದಕಮಂಡಲದ ಅಕ್ಕನ ಮನೆಗೆ ಬಂದಿದ್ದರು. ಮಗಳ ಹುಟ್ಟುಹಬ್ಬಕ್ಕೆಂದು ಅಲ್ಲಿ ಮಾಡಿದ ಸ್ಪಂಜ್ ಕೇಕು ಬೇಗನೆ ಉಬ್ಬಿ, ನಡುವೆ ಕುಸಿಯಿತು. ಊರಿನಲ್ಲಿ ಅದೇ ಅಳತೆ ಎಂದೂ ತಪ್ಪಿರಲಿಲ್ಲ. ಕೈಗುಣವೇ ಕೆಟ್ಟಿತೆಂದು ತಾಯಿ ನೊಂದುಕೊಂಡರು.

“ತಪ್ಪು ನಿನ್ನ ಕೈಯದಲ್ಲಮ್ಮ, ಗಾಳಿಯದು” ಎಂದಳು ಕನ್ನಡ ಮಾಧ್ಯಮದಲ್ಲಿ ಓದುವ ಮಗಳು. ಮಸಿನಗುಡಿ ಸುಮಾರು 1,000 ಮೀಟರ್ ಎತ್ತರದಲ್ಲಿದ್ದರೆ ಉದಕಮಂಡಲ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಕಡಿಮೆ. ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಹಿಟ್ಟಿನೊಳಗಣ ಗುಳ್ಳೆಗಳು ಬೇಗ ಹಿಗ್ಗಿ, ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಒಡೆಯುತ್ತವೆ. ಪಾಠದಲ್ಲಿ ಓದಿದ ಒತ್ತಡದ ನಿಯಮವನ್ನು ಅವಳು ಅಡುಗೆಮನೆಗೆ ತಂದಿದ್ದಳು.

ಮರುದಿನ ಬೇಕಿಂಗ್ ಪೌಡರ್, ಸಕ್ಕರೆಗಳನ್ನು ತುಸು ತಗ್ಗಿಸಿ, ಎರಡು ಚಮಚ ಹಾಲು ಹೆಚ್ಚಿಸಿ, ಓವನ್ನಿನ ಕಾವನ್ನು ಹತ್ತು ಡಿಗ್ರಿ ಏರಿಸಿದರು. ಕೇಕು ಅರಳೆಯಂತೆ ಹಗುರಾಗಿ ನಿಂತಿತು. ಮೇಲೆ ಕೆನೆ ಸವರಿ, ಹೆಚ್ಚಿದ ಸ್ಟ್ರಾಬೆರಿ ಹಣ್ಣುಗಳನ್ನು ಹರಡಿದರು.

ಮಗುವನ್ನು ತನ್ನ ಮನೆಯಲ್ಲಿಟ್ಟುಕೊಂಡು ಇಂಗ್ಲಿಷ್ ಶಾಲೆಗೆ ಸೇರಿಸಲು ಅಕ್ಕ ತಂದಿಟ್ಟಿದ್ದ ಅರ್ಜಿ ಮೇಜಿನ ಮೇಲಿತ್ತು. ತಾಯಿ ಅದನ್ನು ತುಂಬದೆಯೇ ಅಕ್ಕನ ಕೈಗಿತ್ತು, ಮಗಳೊಡನೆ ಮಸಿನಗುಡಿಯ ಬಸ್ಸು ಹತ್ತಿದರು.